ಹುಳುವಿನ ಮನೆಯ ಹೊಸಿಲು

ಇವತ್ತು ಬೆಳಿಗ್ಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಯಳಂದೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲೊಂದು ಆಟೋ ಬಂದು ನಿಂತಿತು. ಒಳಗೆ ಜನರ ಬದಲು ಹಿಪ್ಪುನೇರಳೆ ಸೊಪ್ಪಿನ ಹೊರೆ. ಆ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, "ಅಲ್ಲೇ ನಿಂತ್ಕಳಿ ಮೇಡಮ್, ಒಳಿಕ್ ಬರ್ಬ್ಯಾಡಿ!" ಎಂಬ ಶಿವಮ್ಮನ ದನಿ ಕಿವಿಯಲ್ಲಿ ಕೇಳಿ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ನಗುತ್ತೀರಾ? ನಗಿ. ಹನೂರಿನಿಂದ ಮಾದೇವ ಬರುವುದಕ್ಕೆ ಇನ್ನೂ ಹೊತ್ತಿತ್ತು, ಅಷ್ಟರಲ್ಲಿ ಇವರಿಬ್ಬರೂ ಯಾರೆಂದು ಹೇಳಿಬಿಡುತ್ತೇನೆ.

ನಾನು ಪ್ರೊಬೇಷನ್ ಆಫೀಸರು. ಹಾಗೆಂದರೇನು ಅಂತ ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. ಹಳ್ಳಿಗಳಲ್ಲಿ ಕೆಲವರು ರೇಷನ್ ಕಾರ್ಡಿನವಳು ಅಂದುಕೊಳ್ಳುತ್ತಾರೆ, ಕೆಲವರು ಸೂಜಿ ಹಾಕುವವಳೆಂದು ಕೂಸನ್ನು ಎತ್ತಿಕೊಂಡು ಹಿತ್ತಿಲಿಗೆ ಓಡುತ್ತಾರೆ. ಮೊದಲ ಸಲ ತಪ್ಪು ಮಾಡಿದವರನ್ನು ಕೋರ್ಟು ಕೆಲವೊಮ್ಮೆ ಜೈಲಿಗೆ ಕಳಿಸದೆ, ನೆಟ್ಟಗಿರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡುತ್ತದೆ. ನೆಟ್ಟಗಿದ್ದಾರೋ ಇಲ್ಲವೋ ನೋಡುವುದು, ಕೆಲಸ ಹುಡುಕಿಕೊಡುವುದು, ಮನೆಯವರನ್ನು ಕಾಡಿ ಬೇಡಿ ಒಪ್ಪಿಸುವುದು ನನ್ನ ಪಾಲು. ಕಡೆಯದೇ ಕಷ್ಟ.

ಕೌದಳ್ಳಿ ಕಡೆಯ ಮಾದೇವ ಹಾಗೆ ನನ್ನ ಪಾಲಿಗೆ ಬಂದವನು. ಹೊಲಕ್ಕೆ ನೀರು ಕಟ್ಟುವ ಜಗಳದಲ್ಲಿ, ಕುಡಿದ ಅಮಲಿನಲ್ಲಿ, ಗುದ್ದಲಿಯ ಕಾವಿನಿಂದ ಒಡಹುಟ್ಟಿದ ಅಣ್ಣನ ತಲೆ ಒಡೆದಿದ್ದ. ಅಣ್ಣ ಉಳಿದುಕೊಂಡ. ಹೊಲಿಗೆ ಬಿದ್ದ ತಲೆ ಬಗ್ಗಿಸಿ, ತಮ್ಮನನ್ನು ಒಳಗೆ ಹಾಕಬೇಡಿ ಎಂದು ಕೋರ್ಟಿನಲ್ಲಿ ಕೈಮುಗಿದ, ಪುಣ್ಯಾತ್ಮ. ಆದರೆ ಆ ಮನೆ ನಡೆಯುವುದು ಅಣ್ಣನ ಮಾತಿನಲ್ಲಲ್ಲ, ಅತ್ತಿಗೆ ಶಿವಮ್ಮನ ಮಾತಿನಲ್ಲಿ. ಅವಳು ಹೊರಗೆ ಹಾಕಿದರೆ ಮಾದೇವ ಬೀದಿಪಾಲು. ಬೀದಿಗೆ ಬಿದ್ದರೆ ಮತ್ತೆ ಕುಡಿತ, ಮತ್ತೆ ಕೋರ್ಟು, ಆಮೇಲೆ ಜೈಲೇ ಗಟ್ಟಿ.

ಮೊದಲ ಭೇಟಿಗೆ ನಾನು ಮಲ್ಲಿಗೆ ಮುಡಿದು, ಪೌಡರು ಬಳಿದುಕೊಂಡು, ಭಾರೀ ಠೀವಿಯಲ್ಲಿ ಹೋಗಿದ್ದೆ. ಮನೆಗೆ ಅಂಟಿಕೊಂಡ ಶೆಡ್ಡಿನ ಬಾಗಿಲಿಗೆ ಶಿವಮ್ಮ ಅಡ್ಡ ನಿಂತಳು. ಓಹೋ, ಕುಡಿದು ಬಿದ್ದವನನ್ನು ಒಳಗೆ ಬಚ್ಚಿಟ್ಟಿದ್ದಾಳೆ ಎಂದುಕೊಂಡು ನನಗೆ ಬರುವ ಕಾನೂನನ್ನೆಲ್ಲ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ ಕಾನೂನು ನಂಗೊತ್ತಿಲ್ಲ ಮೇಡಮ್. ಊವಿನ್ ವಾಸ್ನೆ, ಪೌಡ್ರು ವಾಸ್ನೆ ರೇಸ್ಮೆ ಉಳೀಗೆ ಆಗಕಿಲ್ಲ. ಆಚೆ ನಿಂತ್ಕಂಡು ಮಾತಾಡಿ."

ಅಷ್ಟರಲ್ಲಿ ಮಾದೇವ ತಲೆ ಮೇಲೆ ಸೊಪ್ಪು ಹೊತ್ತು ಹೊಲದಿಂದಲೇ ಬಂದ. ಹೊರೆಯನ್ನು ಬಾಗಿಲಾಚೆ ಇಳಿಸಿ ದೂರ ನಿಂತ. ಅವನಿಗೂ ಒಳಗೆ ಪ್ರವೇಶವಿರಲಿಲ್ಲ. "ಬೀಡಿ ನಾರ್ತಾನೆ, ಎಣ್ಣೆ ನಾರ್ತಾನೆ. ಉಳ ಬಾಯ್ಬುಟ್ಟು ಯೋಳಕಿಲ್ಲ, ಮೇವು ಬುಟ್ಬುಡ್ತವೆ. ಕೋರ್ಟ್ ಯೋಳ್ತು ಅಂತ ಜಗ್ಲಿ ಕೊಟ್ಟಿವ್ನಿ. ವರ್ಸ ಕಳೀಲಿ, ಆಮೇಕೆ ಅವನ್ ದಾರಿ ಅವನ್ಗೆ" ಎಂದಳು ಶಿವಮ್ಮ.

ವಾಪಸು ಬರುವ ಬಸ್ಸಿನಲ್ಲಿ ಮೊದಲು ಮೈ ಉರಿಯಿತು. ಹನೂರು ದಾಟುವಷ್ಟರಲ್ಲಿ ಬುದ್ಧಿ ಬಂತು. ನಾನು ತಿಂಗಳಿಗೊಮ್ಮೆ ಹೋಗುವವಳು. ಆ ಒಂದು ದಿನ ಯಾವ ಕುಡುಕನಾದರೂ ಸಾಧುವಾಗಿ ಕೂತಿರುತ್ತಾನೆ. ಹುಳುಗಳು ಹಾಗಲ್ಲ, ಇವನು ಒಳಗೆ ಹೋಗಿ ಸೊಪ್ಪು ಹಾಕುವಂತಾದರೆ, ಹಾಕಿದಾಗಲೆಲ್ಲ ಮೂಸಿ ನೋಡುತ್ತವೆ. ಇಡೀ ಸರ್ಕಾರ ಸೇರಿದರೂ ಇಂಥ ಕಾವಲು ಇಡಲಾಗದು! ಏನಾದರಾಗಲಿ, ಇವನನ್ನು ಆ ಹೊಸಿಲು ದಾಟಿಸಿಯೇ ಸಿದ್ಧ ಎಂದು ಹಟ ಹಿಡಿದೆ.

ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಡಾಕ್ಟರ ಮುಂದೆ ಕೂರಿಸಿದೆ. ಅವನು ತಪ್ಪಿಸಿಕೊಂಡರೆ ಊರಿಗೇ ಹೋಗಿ ಎಬ್ಬಿಸಿಕೊಂಡು ಬಂದೆ. ಒಂದು ಸಲವಂತೂ, "ಆಗಕಿಲ್ಲ ಮೇಡಮ್, ಜೈಲ್ಗೇ ಕಳ್ಸ್‌ಬುಡಿ" ಎಂದು ಅತ್ತ. "ಕಳಿಸಲ್ಲ ಕಣಯ್ಯಾ, ಏನು ಮಾಡ್ಕೋತೀಯೋ ಮಾಡ್ಕೋ" ಎಂದೆ. ಬೀಡಿ ಬಿಟ್ಟ. ಎಣ್ಣೆಯೂ ಬಿಟ್ಟಂತೆಯೇ ಇತ್ತು.

ಆಗ ಎಡವಿದ. ಅಣ್ಣ ಹರಕೆ ತೀರಿಸಲೆಂದು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ ದಿನ. ಹುಳು ಗೂಡು ಕಟ್ಟುವ ಮುಂಚಿನ ಭಾರೀ ಹಸಿವಿನಲ್ಲಿದ್ದವು, ಶಿವಮ್ಮ ಒಬ್ಬಳೇ. ಆವತ್ತೇ ಮೊದಲ ಸಲ ಬಾಯಿಬಿಟ್ಟು ಅವನನ್ನು ಒಳಗೆ ಕರೆದಳಂತೆ. ಮಾದೇವ ಹೊರೆ ಇಳಿಸಿ ಹಿಂದಕ್ಕೆ ಸರಿದ. "ಅತ್ಗೆ, ನಾನ್ ಬರಕಿಲ್ಲ. ಮಜ್ಜಾನ ಕುಡ್ದಿವ್ನಿ" ಎಂದ. ಸಂಜೆಯವರೆಗೂ ಹೊಲಕ್ಕೂ ಬಾಗಿಲಿಗೂ ಓಡಾಡಿ ಸೊಪ್ಪು ತಂದು ಹಾಕಿದ, ಒಳಗೆ ಮಾತ್ರ ಕಾಲಿಡಲಿಲ್ಲ.

ಸುದ್ದಿ ನನಗೆ ಮುಟ್ಟಿದ ಮರುದಿನವೇ ಬಸ್ಸು ಹತ್ತಿದೆ. ಕುಡಿಯಬಾರದೆಂಬುದು ಕೋರ್ಟಿನ ಷರತ್ತು. ಮುಚ್ಚಿಡುವ ಹಾಗಿಲ್ಲ, ಹೇಳಿದರೆ ಇಷ್ಟು ದಿನದ ಪಾಡೆಲ್ಲ ನೀರಲ್ಲಿ ಹೋಮ. ಶಿವಮ್ಮನನ್ನೇ ಕೇಳಿದೆ, ಏನು ಬರೆಯಲಿ ಎಂದು.

"ಕುಡ್ದ ಅಂತ್ಲೂ ಬರ್ಕಳಿ. ನಾನೇ ಕರುದ್ರೂ ಒಳಿಕ್ ಬರ್ನಿಲ್ಲ ಅಂತ್ಲೂ ಬರ್ಕಳಿ. ಒಂದ್ ಬರ್ದು ಒಂದ್ ಬುಟ್ರೆ ನಾನ್ ಸುಮ್ನಿರಕಿಲ್ಲ."

ಎರಡನ್ನೂ ಬರೆದೆ. ನ್ಯಾಯಾಧೀಶರು ಎರಡನ್ನೂ ಓದಿ, ಅವನನ್ನು ಕರೆಸಿ ಚೆನ್ನಾಗಿ ಗದರಿ, ಜೈಲಿಗೆ ಕಳಿಸದೆ ಗಡುವು ಮುಂದುವರಿಸಿದರು. ಹುಳುವಿನ ಮುಂದಿನ ಬೆಳೆಗೆ ಶಿವಮ್ಮ, "ಕೈಕಾಲ್ ತೊಳ್ಕಂಡ್ ಬಾರ್ಲಾ" ಎಂದು ಅವನನ್ನು ಒಳಕ್ಕೆ ಕರೆದಳು. ನಾನು ಆಚೆ ನಿಂತು ನೋಡಿದೆ. ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಹನೂರಿನ ಬಸ್ಸು ಬಂತು, ಮಾದೇವ ಇಳಿದ. ಅವನ ಗಡುವು ಮುಗಿದು ಎಷ್ಟೋ ಕಾಲವಾಗಿದೆ. ಇವತ್ತು ನಾನು ಕರೆದೆನೆಂದು ಬಂದವನು. ಹೊನ್ನೂರಿನವನೊಬ್ಬ ಪಂಪ್‌ಸೆಟ್ ಕದ್ದು ಸಿಕ್ಕಿಬಿದ್ದು, ಈಗ ನನ್ನ ಪಾಲಿಗೆ ಬಂದಿದ್ದಾನೆ. ತಾಯಿ ಮನೆಗೆ ಸೇರಿಸುತ್ತಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದಿದ್ದ ಅವನನ್ನೂ ಜೊತೆಗೆ ಕರೆದುಕೊಂಡು ಯಳಂದೂರು ಬಸ್ಸು ಹತ್ತಿದೆವು. ಊರು ಬಂದಾಗ ಅವ್ವನ ಮುಂದೆ ಹೋಗಲಾರೆ ಎಂದ. ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂರಿಸಿ, ನಾನೂ ಮಾದೇವನೂ ಮನೆಗೆ ನಡೆದೆವು.

ತಾಯಿ ಬಾಗಿಲಲ್ಲೇ ತಡೆದಳು. "ಕಳ್ಳನ್ ಎತ್ತೋಳು ಅಂತ ಊರೇ ಆಡ್ಕತದೆ. ಅವನ್ ಸುದ್ದಿ ಎತ್ಬ್ಯಾಡಿ, ಓಗಿ."

ನಾನು ಬಾಯಿ ತೆರೆಯುವ ಮೊದಲೇ ಮಾದೇವ ಮುಂದೆ ಬಂದ. "ಅವ್ವಾ, ನಾನು ಒಡುಟ್ಟಿದ್ ಅಣ್ಣನ್ ತಲೆ ಒಡ್ದೋನು ಕಣವ್ವಾ."

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮಣ್ಣ ಈಗ?"

"ಮನೇಲವ್ನೆ. ಸಂಜಿಕೆ ಉಳೀಗೆ ಸೊಪ್ಪಾಕ್ಬೇಕು, ಬಿರ್ನೆ ಬಾ ಅಂದವ್ನೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ ಮಗ ಎಲ್ಲವ್ನೆ?"

"ಬಸ್‌ಸ್ಟಾಪಲ್ಲಿ ಕುಂತವ್ನೆ."

"ಈ ಬಿಸ್ಲಲ್ಲಾ?" ಎಂದಳು.

ಮಾದೇವ ಆಗಲೇ ಬಸ್‌ಸ್ಟಾಪಿನ ಕಡೆ ಬೀದಿಗಿಳಿದಿದ್ದ.