ಭಾವ ಬಿಗಿದ ನಟ್ಟು

ಅಂಗಳದಲ್ಲಿ ಚಾಪೆ ಹಾಸಿ ಮುರುಗಲ ಹಣ್ಣು ಒಡೆಯುತ್ತ ಕೂತಿದ್ದೆ. ಬೀಜ ಪಾತ್ರೆಗೆ, ಸಿಪ್ಪೆ ಬಿಸಿಲಿಗೆ. ಕೈಯೆಲ್ಲ ಕೆಂಪು. ಆಗ ನಮ್ಮವರು ಕುಮಟೆಯ ಬಾಡಿಗೆ ಮುಗಿಸಿ ಬಂದು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ಕಾರು ನಡುಗ್ತದೆ" ಅಂದರು.

"ಎಂತ ಆತು?"

"ಗೊತ್ತಿಲ್ಲೆ. ಸ್ವಲ್ಪ ಜೋರು ಹೋದ ಕೂಡಲೇ ಮೈಯೆಲ್ಲ ನಡುಗ್ತದೆ. ಅಣ್ಣ ಬರ್ಲಿ."

ಅಣ್ಣ ಅಂದರೆ ನನ್ನ ಭಾವ. ಕಚೇರಿಯಲ್ಲಿ ಗುಮಾಸ್ತರು. ಕಾರು ಅಣ್ಣತಮ್ಮ ಇಬ್ಬರ ಹೆಸರಿನದು. ಓಡಿಸುವುದು ತಮ್ಮ, ತಿಳಿದುಕೊಂಡಿರುವುದು ಅಣ್ಣ. ಭಾವನಿಗೆ ಓಡಿಸಲು ಬರುತ್ತಿರಲಿಲ್ಲ, ಹಾಗಾಗಿ ಓಡಿಸುವಾಗ ಅವರು ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಆ ವಾರವಷ್ಟೇ ಮುಂದಿನ ಚಕ್ರ ಪಂಚೇರಾದಾಗ, ತಮ್ಮನನ್ನು ಬದಿಗೆ ಸರಿಸಿ, ಧೋತ್ರ ಎತ್ತಿ ಕಟ್ಟಿ, ಇಡೀ ಕೇರಿ ನೋಡುವ ಹಾಗೆ ತಾವೇ ಚಕ್ರ ಹಾಕಿ, ಪಾನಾ ಹಿಡಿದು ತಿರುಗಿಸಿ ನಟ್ಟು ಬಿಗಿದಿದ್ದರು. ನೋಡಲು ಬಂದ ಹೆಂಗಸರಿಗೆ ನಾನು ಪಾನಕ ಮಾಡಿ ಕೊಡುವುದೊಂದು ಬಾಕಿ ಇತ್ತು.

ಬೇರೆ ಹೊತ್ತಿನಲ್ಲಾದರೆ ಕಾರು ನಡುಗಲಿ, ಕುಣಿಯಲಿ, ನನಗೇನು ಅನ್ನುತ್ತಿದ್ದೆ. ಆದರೆ ಒಳಕೋಣೆಯಲ್ಲಿ ನನ್ನ ನಾದಿನಿ ಇದ್ದಳು. ತವರಿಗೆ ಹೆರಿಗೆಗೆ ಬಂದವಳು, ದಿನ ತುಂಬಿದವಳು. ಮೊದಲ ಸಲ ನೋವು ಹತ್ತಿದಾಗ ಎತ್ತಿನ ಗಾಡಿಯಲ್ಲಿ ಹೋಗಿ ದಾರಿಯಲ್ಲೇ ಹೊತ್ತು ಮೀರಿ ಕೂಸು ಉಳಿದಿರಲಿಲ್ಲ. ಈ ಸಲ ನೋವು ಬಂದದ್ದೇ ಕರಕೊಂಡು ಬನ್ನಿ, ತಡ ಮಾಡಬೇಡಿ ಎಂದು ಕುಮಟೆಯ ದಾಕ್ತರು ಹೇಳಿ ಕಳಿಸಿದ್ದರು. ಆ ಕಾರು ಓಡಿದರೆ ಕೂಸು ಉಂಟು ಎನ್ನುವ ಹಾಗಿತ್ತು ನಮ್ಮ ಲೆಕ್ಕ.

ಭಾವ ಬಂದರು. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು ಜ್ವರ ನೋಡಿದರು.

"ಗೇರಿನ ಪೆಟ್ಟಿಗೆಯ ಎಣ್ಣೆ ಸತ್ತದೆ. ಬಸಿದು ಬೇರೆ ಹಾಕೂದು."

"ಅಣ್ಣ, ನನ್ನ ಕೈಯಲ್ಲಿ ಸ್ಟೇರಿಂಗೇ ನಡುಗೂದು. ಮುಂದಿನ ಚಕ್ರ ಇರ್ಬೋದಾ ಹೇಳಿ..."

"ಚಕ್ರ ನಾನು ಬಿಗಿದದ್ದು."

ಅಲ್ಲಿಗೆ ಚಕ್ರದ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಹಿರಿಯರು ಬಿಗಿದ ನಟ್ಟಿಗೆ ಕಿರಿಯರು ಪಾನಾ ಹಾಕಿ ನೋಡುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ನಮ್ಮವರು ಪಾನಾ ಹಿಡಿದುಕೊಂಡೇ ನಿಂತಿದ್ದರು. ಹಾಗೇ ಒಯ್ದು ಸೀಟಿನ ಕೆಳಗೆ ಇಟ್ಟರು.

ಇನ್ನು ಎಣ್ಣೆ. ಯುದ್ಧದ ಕಾಲ; ಪೆಟ್ರೋಲಿಗೇ ಚೀಟಿ, ಗೇರಿನ ಎಣ್ಣೆಯ ಹೆಸರು ಹೇಳಿದರೆ ಅಂಗಡಿಯವರು ನಗುತ್ತಿದ್ದರು. ಅಘನಾಶಿನಿಯಿಂದ ಮೀನೆಣ್ಣೆ ತರಿಸುವ ಅಂದರು ಭಾವ. ಆ ನಾತಕ್ಕೆ ಬಾಡಿಗೆಗೆ ಯಾರು ಹತ್ತುತ್ತಾರೆ ಅಂದರು ಇವರು. ಭಾವ ಕಣ್ಣು ಮುಚ್ಚಿ ಯೋಚಿಸಿದರು.

"ಮನೆಲಿ ಹರಳೆಣ್ಣೆ ಇದ್ದಲ್ಲ."

ಅದು ಬಾಣಂತಿಗೆಂದು ನಾನು ಕಾಯಿಸಿ ತೆಗೆದಿಟ್ಟದ್ದು. ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿಲ್ಲ, ಬಾಗಿಲ ಮರೆಯಲ್ಲಿ ನಿಂತು ನಾದಿನಿಗೆ ಹೇಳಿದೆ, ಹೊರಗೆ ಕೇಳುವಷ್ಟು ಗಟ್ಟಿಯಾಗಿ: "ಕೇಳ್ತಾ? ಬಾಣಂತನ ಕಾರಿಗಂತೆ. ನೀನು ಹೋಗಿ ಶೆಡ್ಡಲ್ಲಿ ಮಲಗು."

"ಕಾರಿಗೆ ಖಾರದ ಕಷಾಯವೂ ಕೊಡಿ ಅತ್ತಿಗೆ, ನಡುಕಕ್ಕೆ ಒಳ್ಳೇದು" ಅಂತ ಅವಳು ಒಳಗಿಂದ.

ಕೊನೆಗೆ ದೇವರಲ್ಲಿ ಪ್ರಸಾದ ಕೇಳುವುದೆಂದಾಯಿತು. ಅದಕ್ಕೆ ಮಾತ್ರ ನಾನು ಒಪ್ಪಿದೆ. ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಗೇರು ಬಿಚ್ಚಿ ಎಣ್ಣೆ ಬದಲಿಸಬಹುದೋ ಎಂದು ದೇವಸ್ಥಾನದ ಭಟ್ಟರು ಕೇಳಿದರು. ಎಡಕ್ಕೆ ಬಿತ್ತು. ಭಾವ ಮತ್ತೊಮ್ಮೆ ಕೇಳಿಸಿದರು. ಮತ್ತೆ ಎಡ. ಇನ್ನೊಂದು ಸಲ ಅಂದಾಗ ಭಟ್ಟರು, "ದೇವರು ನಿಮ್ಮ ಕಚೇರಿಯ ಜವಾನ ಅಲ್ಲ ಮಾರಾಯ್ರೆ" ಎಂದು ಆರತಿ ತಟ್ಟೆ ಎತ್ತಿದರು. ಮನೆಗೆ ಬಂದು ಭಾವ ಅರ್ಥ ಹೇಳಿದರು: "ಇವತ್ತು ಬೇಡ ಹೇಳಿದ್ದು. ನಾಳೆ ಬಿಚ್ಚುವ." ದೇವರು ಇಷ್ಟು ಸ್ಪಷ್ಟವಾಗಿ ಹೇಳಿದರೂ ಅದನ್ನು ತಿದ್ದುವ ಗುಮಾಸ್ತರು ಮನೆಯಲ್ಲೇ ಇದ್ದದ್ದು ನಮ್ಮ ಪುಣ್ಯ. ಆದರೂ ಒಂದು ರಾತ್ರಿಯ ಮಟ್ಟಿಗೆ ಗೇರಿನ ಪೆಟ್ಟಿಗೆ ಮುಚ್ಚಿಯೇ ಉಳಿಯಿತು. ಅದೊಂದು ಕೃಪೆ ಎಂದು ದೀಪ ಹಚ್ಚಿ ಕೈಮುಗಿದೆ.

ಕೃಪೆ ಎಷ್ಟು ದೊಡ್ಡದೆಂದು ತಿಳಿದದ್ದು ಬೆಳಿಗ್ಗೆ, ನಾದಿನಿಗೆ ನೋವು ಹತ್ತಿದಾಗ. ಗೇರು ಬಿಚ್ಚಿ ಹರಡಿದ್ದರೆ ಮತ್ತೆ ಎತ್ತಿನ ಗಾಡಿಯೇ ಗತಿಯಾಗುತ್ತಿತ್ತು.

ಹೊರಟೆವು. ಹಿಂದೆ ನಾನು, ನನ್ನ ತೊಡೆಯ ಮೇಲೆ ಅವಳ ತಲೆ. ಮುಂದೆ ಇವರ ಪಕ್ಕ ಭಾವ, ದಾರಿ ತೋರಿಸಲು. ಇದ್ದದ್ದೇ ಒಂದು ದಾರಿ. ಕಾರು ಸ್ವಲ್ಪ ಜೋರಾದರೆ ನಡುಕ, ನಡುಗಿದರೆ ಅವಳ ಕೂಗು, ಕೂಗಿದರೆ ಇವರು ನಿಧಾನ. ಈ ಲೆಕ್ಕದಲ್ಲಿ ನಡೆದುಕೊಂಡು ಹೋದವರು ನಮಗಿಂತ ಮೊದಲು ಕುಮಟೆ ಮುಟ್ಟುತ್ತಿದ್ದರು.

"ಗೇರು" ಅನ್ನುತ್ತಿದ್ದರು ಭಾವ, ಪ್ರತಿ ಸಲ.

ಧಾರೇಶ್ವರಕ್ಕಿಂತ ಮುಂಚೆ ಒಂದು ಇಳಿತ. ಪೆಟ್ರೋಲು ಉಳಿಸಲು ಇಳಿತದಲ್ಲಿ ಎಂಜಿನ್ ಬಂದ್ ಮಾಡಿ ಗೇರು ಬಿಡಿಸಿ ಕಾರನ್ನು ತಾನಾಗಿ ಉರುಳಲು ಬಿಡುವುದು ಆಗ ಎಲ್ಲರ ರೂಢಿ. ಇವರೂ ಹಾಗೇ ಮಾಡಿದರು. ಸದ್ದೆಲ್ಲ ನಿಂತಿತು. ನಡುಕ ನಿಲ್ಲಲಿಲ್ಲ, ಓಟ ಹೆಚ್ಚಿದಂತೆ ಅದೂ ಹೆಚ್ಚಿತು.

ನನಗೆ ತಡೆಯಲಾಗಲಿಲ್ಲ. "ಎಂಜಿನ್ ಇಲ್ಲೆ, ಗೇರಿಲ್ಲೆ, ಇನ್ನೂ ಎಂತದ್ದು ನಡುಗೂದು?"

ಇವರು ಬ್ರೇಕ್ ಒತ್ತಿ ಬದಿಗೆ ನಿಲ್ಲಿಸಿದರು. ಅಣ್ಣನ ಮುಖ ನೋಡಿದರು. "ಅಣ್ಣ, ಒಂದ್ಸಲ ಪಾನಾ ಹಾಕಿ ನೋಡ್ಲಾ?"

"ನಾನು ಬಿಗಿದದ್ದು ಹೇಳಿದೆನಲ್ಲ."

ಆಗ ನಾದಿನಿ ನನ್ನ ಕೈ ಹಿಂಡಿ ಎದ್ದು ಕೂತಳು. ಹುಟ್ಟಿದಾಗಿನಿಂದ ದೊಡ್ಡಣ್ಣನಿಗೆ ಎದುರಾಡಿದವಳಲ್ಲ. "ದೊಡ್ಡಣ್ಣ, ನಿನ್ನ ಮರ್ಯಾದೆಗೆ ನಾನು ಇನ್ನೊಂದು ಕೂಸು ಕೊಡೂದಿಲ್ಲ. ಸಣ್ಣಣ್ಣ, ಇಳಿ ನೀನು!"

ಇವರು ಇಳಿದರು. ನೋಡಲು ಪಾನಾ ಬೇಕಾಗಲೇ ಇಲ್ಲ, ನಟ್ಟು ಬೆರಳಲ್ಲೇ ತಿರುಗಿತು. ಒಂದಂತೂ ಎಲ್ಲೋ ದಾರಿಯಲ್ಲೇ ಬಿದ್ದು ಹೋಗಿತ್ತು. ಉಳಿದವನ್ನು ಪಾನಾ ಹಾಕಿ ಕಾಲಲ್ಲಿ ತುಳಿದು ಬಿಗಿದು ಬಂದು ಕೂತರು, ಅಣ್ಣನ ಕಡೆ ನೋಡದೆ.

"ಈ ರಸ್ತೆಗೆ ಯಾರು ಬಿಗಿದ ನಟ್ಟಾದ್ರೂ ಸಡಿಲ ಆಗ್ತದೆ" ಅಂದರು ಭಾವ. ಹೌದು, ರಸ್ತೆಯದೇ ತಪ್ಪು.

ಆಮೇಲೆ ಕಾರು ದೋಣಿಯ ಹಾಗೆ ಸಾಗಿತು. ಧಾರೇಶ್ವರದ ದೇವರಿಗೆ ಕೂತಲ್ಲಿಂದಲೇ ಕೈಮುಗಿದೆ. ಇಳಿಯಲು ಹೊತ್ತಿಲ್ಲವೆಂದು ಅವನಿಗೆ ಗೊತ್ತು. ದವಾಖಾನೆ ಮುಟ್ಟಿ ಹೆಚ್ಚು ಹೊತ್ತಾಗಿರಲಿಲ್ಲ, ಕೂಸು ಅತ್ತದ್ದು ಹೊರಗೆ ಕೇಳಿತು. ಹೆಣ್ಣು. ಅಷ್ಟು ಗಟ್ಟಿ ದನಿ ನಮ್ಮ ಮನೆಯಲ್ಲಿ ಯಾವ ಹೆಣ್ಣಿಗೂ ಇರಲಿಲ್ಲ.

ಮಾರನೆಯ ದಿನ ಇವರು ಕುಮಟೆಯ ಕಾರು ಮೇಸ್ತ್ರಿಯಲ್ಲಿ ಗೇರಿನ ಪೆಟ್ಟಿಗೆಯನ್ನೂ ನೋಡಿಸಿಕೊಂಡು ಬಂದರು. ಎಣ್ಣೆ ಚೆನ್ನಾಗಿಯೇ ಇತ್ತಂತೆ, ಬರೀ ಒಂದು ಕುಡ್ತೆ ಅಳತೆಯಷ್ಟು ಕಡಿಮೆ; ಅಷ್ಟನ್ನು ಮೇಸ್ತ್ರಿಯೇ ಹಾಕಿ ಕೊಟ್ಟರಂತೆ. ಒಳ್ಳೆ ಎಣ್ಣೆ ಸಿಗುವವರೆಗೆ ಬಸಿಯುವುದು ಬೇಡ ಎಂದು ಇವರು ತೀರ್ಮಾನ ಮಾಡಿದರು, ಯಾರನ್ನೂ ಕೇಳದೆ.

"ಕಡಿಮೆ ಇತ್ತಲ್ಲ! ನಾನು ಹೇಳಿದ್ದೂ ಅದೇ" ಅಂದರು ಭಾವ, ದವಾಖಾನೆಯ ಹತ್ತಿರ ನಾವು ಹಿಡಿದಿದ್ದ ಬಿಡಾರದ ಜಗಲಿಯಲ್ಲಿ ಕೂತು. ಇವರು ಹೂಂ ಅಂದರು. ಕೂಸಿನ ಬಟ್ಟೆ ನೆನೆಹಾಕಿ ಬಹಳ ಹೊತ್ತಾಗಿತ್ತು. ಬುಟ್ಟಿ ಎತ್ತಿಕೊಂಡು ಬಾವಿಕಟ್ಟೆಗೆ ಹೋದೆ.