ಹಿಂದಿರುಗಿಸದ ಒಳಲೆ

ತಿರುವನಂತಪುರಕ್ಕೆ ಮನೆ ಬದಲಿಸಿ ವರ್ಷವಾದರೂ ಒಂದು ಪೆಟ್ಟಿಗೆ ಬಿಚ್ಚದೆ ಉಳಿದಿತ್ತು. ಕಳೆದ ಭಾನುವಾರ ಬಿಚ್ಚಿದಾಗ ಮಗಳ ಹಳೆಯ ಬಟ್ಟೆಗಳ ನಡುವೆ ಸ್ಟೀಲಿನ ಒಳಲೆ ಸಿಕ್ಕಿತು. ತಳ ಸ್ವಲ್ಪ ನೆಗ್ಗಿದೆ, ಮೂತಿ ಮಾತ್ರ ಇನ್ನೂ ನುಣುಪು. ಇದೇನೆಂದು ಮಗಳು ಮಲಯಾಳದಲ್ಲಿ ಕೇಳಿದಳು. ನೀನು ಇದರಲ್ಲೇ ಹಾಲು ಕುಡಿದದ್ದು ಎಂದೆ. ಅದು ನಮ್ಮದಲ್ಲ ಎಂದು ಹೇಳಲಿಲ್ಲ.

ಅದು ಸಿಸ್ಟರ್ ಕೊಟ್ಟದ್ದು... ತ್ರಿಪ್ಪುಣಿತ್ತುರದಲ್ಲಿ ನಾವಿದ್ದ ವಾರ್ಡಿನ ಆರೋಗ್ಯ ಉಪಕೇಂದ್ರದ ನರ್ಸ್. ಊರಿಗೆಲ್ಲ ಅವರು ಸಿಸ್ಟರ್. ನಾನೂ ಬೇರೆ ಏನೆಂದೂ ಕರೆದದ್ದಿಲ್ಲ.

ಹೆರಿಗೆಯಾಗಿ ಆಸ್ಪತ್ರೆಯಿಂದ ಬರುವಾಗಲೇ ಔಷಧಿಯ ಚೀಲದಲ್ಲಿ ಹಾಲಿನ ಪುಡಿಯ ಡಬ್ಬಿಯೊಂದಿತ್ತು. ಬಾಣಂತನಕ್ಕೆ ಕಾಸರಗೋಡಿನಿಂದ ಬಂದಿದ್ದ ಅಮ್ಮ ಅದನ್ನು ಕೈಗೆಟುಕುವಲ್ಲೇ ಇಟ್ಟಿದ್ದರು. ಮಗು ಎದೆಗೆ ಬಾಯಿ ಹಾಕುತ್ತಿತ್ತು, ಬಿಡುತ್ತಿತ್ತು, ಅಳುತ್ತಿತ್ತು.

"ನನಗೂ ಹಾಲು ಕಡಿಮೆಯೇ ಇದ್ದದ್ದು. ನಿನ್ನನ್ನು ಸಾಕಿದ್ದು ಡಬ್ಬಿಯಲ್ಲೇ. ಈಗ ನಿನಗೆ ಎಂತ ಆಗಿದೆ?" ಎಂದರು ಅಮ್ಮ.

ನಾಲ್ಕನೆಯ ದಿನ ಸಿಸ್ಟರ್ ಬಂದರು. ಉಪದೇಶ ಮಾಡಲಿಲ್ಲ. ಹಾಲು ಕೊಡಲು ಹೇಳಿ, ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡಿದರು. ನಾನು ಎಂದಿನಂತೆ ಶಾಲು ಹೊದ್ದೆ. ನನ್ನದೇ ಕೋಣೆಯಲ್ಲೂ, ಅಮ್ಮನ ಎದುರೂ ನನಗೆ ಶಾಲು ಬೇಕಿತ್ತು.

"ಮೋಳೇ, ಇದರೊಳಗೆ ಮಗುವಿನ ಬಾಯಿ ನಿನಗೇ ಕಾಣುವುದಿಲ್ಲ" ಎಂದು ಮಗಳಿಗೆ ಹೇಳುವಂತೆ ಹೇಳಿ, ಅವರು ಶಾಲು ತೆಗೆದು, ಮಡಚಿ, ತಮ್ಮ ಮಡಿಲಲ್ಲಿಟ್ಟುಕೊಂಡರು.

ಮಗು ಮೊಲೆಯ ತುದಿಯನ್ನಷ್ಟೇ ಹಿಡಿದಿತ್ತು. ಅದರ ಹೊಟ್ಟೆಯನ್ನು ನನ್ನ ಹೊಟ್ಟೆಗೆ ತಾಗಿಸಿ, ಬಾಯಿ ಅಗಲವಾಗಿ ತೆರೆಯುವ ತನಕ ಕಾಯಿಸಿದರು. ಆಮೇಲೆ ಕೇಳಿಸಿದ ಆ ಗುಟುಕಿನ ಸದ್ದು...

ಕೆಲವು ವಾರಗಳ ಮೇಲೆ ಅಮ್ಮ ಮತ್ತೆ ಡಬ್ಬಿಯ ಮಾತೆತ್ತಿದಾಗ ಸಿಸ್ಟರ್ ಅವರನ್ನು ಅಕ್ಕಾ ಎಂದು ಕರೆದು, ಅಂಗಳದ ಬಟ್ಟೆಯ ಹಗ್ಗ ತೋರಿಸಿದರು. "ಚೇಚಿ, ಹಾಲು ಸಿಗದ ಮಗು ಇಷ್ಟು ಬಟ್ಟೆ ಒದ್ದೆ ಮಾಡ್ತದಾ?"

"ಒಗೆಯುವವಳು ನಾನು, ನನಗೆ ಗೊತ್ತಿಲ್ಲವಾ" ಎಂದು ಅಮ್ಮ ಗೊಣಗಿದರು. ಡಬ್ಬಿ ಕಪಾಟು ಸೇರಿತು.

ಗುತ್ತಿಗೆಯ ಕೆಲಸ. ಮೂರನೆಯ ತಿಂಗಳಿಗೇ ಎರ್ನಾಕುಳಂನ ಕಚೇರಿಗೆ ಹೋಗಬೇಕಾಯಿತು. ಬಾಟಲಿ ಬೇಡ, ಹಿಂಡಿಟ್ಟ ಹಾಲನ್ನು ಅಮ್ಮ ಇದರಲ್ಲಿ ಕುಡಿಸಲಿ ಎಂದು ಸಿಸ್ಟರ್ ತಮ್ಮ ಚೀಲದಿಂದ ಈ ಒಳಲೆ ತೆಗೆದರು. "ಮಗು ದೊಡ್ಡದಾದ ಮೇಲೆ ವಾಪಸ್ ಕೊಡಬೇಕು. ಬೇರೆ ಮನೆಗೆ ಬೇಕಾಗ್ತದೆ."

ಆದರೆ ಹಿಂಡುವುದೆಲ್ಲಿ? ಕಚೇರಿಯ ಟಾಯ್ಲೆಟ್ಟಿನಲ್ಲಿ ನಿಂತು ಹಿಂಡುತ್ತಿದ್ದೆ. ಅಲ್ಲಿ ಹಿಂಡಿದ್ದನ್ನು ಮಗುವಿಗೆ ಕೊಡಲು ಮನಸ್ಸಾಗದೆ ಅಲ್ಲೇ ಚೆಲ್ಲುತ್ತಿದ್ದೆ. ಹಾಲು ಇಳಿಯತೊಡಗಿತು. ನಾನಾಗಿ ಹೇಳಲಿಲ್ಲ, ಸಿಸ್ಟರ್ ಕೇಳಿ ಹೇಳಿಸಿದರು. ಮರುದಿನ ಯೂನಿಫಾರ್ಮಿನಲ್ಲೇ ನಮ್ಮ ಮ್ಯಾನೇಜರರ ಎದುರು ನಿಂತಿದ್ದರು.

"ಇಲ್ಲಿ ಅಂಥ ವ್ಯವಸ್ಥೆ ಇಲ್ಲ, ಸಿಸ್ಟರ್."

"ಸಾರ್ ಊಟ ಎಲ್ಲಿ ಮಾಡುವುದು?"

"ಈ ಕೋಣೆಯಲ್ಲೇ. ಯಾಕೆ?"

"ಇವತ್ತು ಟಾಯ್ಲೆಟ್ಟಿನಲ್ಲಿ ಮಾಡಿ ನೋಡಿ. ರುಚಿ ಹೇಗಿತ್ತು ಅಂತ ಕೇಳ್ಲಿಕ್ಕೆ ನಾಳೆ ಬರ್ತೇನೆ."

ಮಧ್ಯಾಹ್ನವೇ ಸ್ಟೇಷನರಿ ಕೋಣೆಯ ಬೀಗದ ಕೈ ನನ್ನ ಮೇಜಿಗೆ ಬಂತು. ನನಗೆ ಸಂತೋಷವಾಗಲಿಲ್ಲ, ಮಾನ ಹೋದಂತಾಯಿತು. ಎರಡು ದಿನ ಸಿಸ್ಟರ್ ಫೋನ್ ಮಾಡಿದಾಗ ಎತ್ತಲಿಲ್ಲ. ಮೂರನೆಯ ದಿನ ಆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಅಂದಿನಿಂದ ಹಾಲು ಮನೆಗೆ ಹೋಯಿತು.

ಒಳಲೆ ಕೊಡಬೇಕು, ಕೊಡುವಾಗ ಒಂದು ಮಾತು ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ... ಒಂದೂವರೆ ವರ್ಷದ ಲಸಿಕೆಗೆ ಹೋದಾಗ ಆ ಕುರ್ಚಿಯಲ್ಲಿ ಬೇರೊಬ್ಬ ನರ್ಸ್ ಇದ್ದರು. ಸಿಸ್ಟರ್ ಕಾಯಿಲೆಯಿಂದ ತೀರಿಕೊಂಡು ತಿಂಗಳಾಗಿತ್ತು. ಒಳಲೆ ಅಂದು ನನ್ನ ಕೈಚೀಲದಲ್ಲೇ ಇತ್ತು.

ಈಗ ನಾನಿರುವ ಕಚೇರಿಯಲ್ಲಿ, ಬಾಣಂತನ ಮುಗಿಸಿ ಬಂದ ಹುಡುಗಿಯೊಬ್ಬಳು ದಿನಕ್ಕೆರಡು ಬಾರಿ ಚೀಲ ಹಿಡಿದು ಟಾಯ್ಲೆಟ್ಟಿಗೆ ಹೋಗುತ್ತಿದ್ದಳು. ನಾನು ನೋಡಿಯೂ ತಲೆ ತಗ್ಗಿಸುತ್ತಿದ್ದೆ. ಈ ಸೋಮವಾರ ಹಳೆ ಕಡತಗಳ ಕೋಣೆಯಲ್ಲಿ ಒಂದು ಮೇಜು ಖಾಲಿ ಮಾಡಿ, ಕುರ್ಚಿ ಹಾಕಿ, ಒಳಚಿಲಕ ಸರಿಮಾಡಿಸಿದೆ.

"ಇದಕ್ಕೆ ಆರ್ಡರ್ ಇದೆಯಾ?" ಎಂದು ಮೇಲಧಿಕಾರಿ ಕೇಳಿದರು.

"ಇಲ್ಲ ಸಾರ್. ಬೇಕಿದ್ದರೆ ನೀವು ಹಾಕಿ."

ಅವರು ಆರ್ಡರ್ ಹಾಕಿಲ್ಲ. ಬೀಗದ ಕೈಯನ್ನೂ ಕೇಳಿಲ್ಲ.

ಒಳಲೆಯನ್ನು ತೊಳೆದು, ಕುದಿಸಿ ಆ ಹುಡುಗಿಗೆ ಕೊಟ್ಟೆ. ವಾಪಸ್ ಕೊಡಬೇಕು ಎಂದೆ.

"ಚೇಚಿಗೆ ಇನ್ನೊಂದು ಮಗುವಾ?" ಎಂದು ನಕ್ಕಳು.

"ಇಲ್ಲ. ಅದು ನನ್ನದಲ್ಲ" ಎಂದೆ. ಬೀಗದ ಕೈಯನ್ನು ಅವಳ ಕೈಗಿಟ್ಟು ನನ್ನ ಮೇಜಿಗೆ ಹೋದೆ.