ಡ್ರಮ್ಮಜ್ಜಿಯ ಚಮಚಗಳು
ಬೀದಿಯವರೆಲ್ಲ ಡ್ರಮ್ಮಜ್ಜಿ ಎಂದು ಕರೆಯುವ ತನ್ನ ಅತ್ತೆಯ ಕೈಗೆ ಎರಡು ಚಮಚ ಸಿಕ್ಕಿದರೆ ಮುಗಿಯಿತು, ಊಟದ ಮೇಜಿನ ಮೇಲೆ ಜಾಝ್ ಶುರುವೆಂದು ಸೊಸೆಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಹೆಂಗಸರೇ ಕಟ್ಟಿದ ಬ್ಯಾಂಡಿನಲ್ಲಿ, ಸ್ಯಾಕ್ಸೊಫೋನ್ ಊದುವ ಗೆಳತಿಯ ಬೆನ್ನಿಗೆ ಕೂತು ಡ್ರಮ್ ಬಾರಿಸಿ, 'ಹೆಣ್ಣುಮಕ್ಕಳಿಗೇಕೆ ಈ ಉಸಾಬರಿ' ಎಂದವರ ಕಾಲನ್ನೂ ಕುಣಿಸಿದಾಕೆ. ಬಾಗಿಲು ತಟ್ಟಿದವರು ತಾಳ ತಪ್ಪಿದರೆ "ಇನ್ನೊಂದ್ಸಲ ಸರಿಯಾಗಿ ತಟ್ಟಿ" ಎಂದು ಒಳಗಿನಿಂದಲೇ ಗದರುತ್ತಾರೆ. ವಾಷಿಂಗ್ ಮೆಷಿನ್ ಗಡಗಡ ಎಂದರೆ "ಇದಕ್ಕೆ ಅವಸರ ಜಾಸ್ತಿ ಕಣೇ" ಎನ್ನುತ್ತಾರೆ. ಸೊಸೆಯನ್ನು ಒಪ್ಪಿದ್ದೂ ಅವಳು ಮೆಟ್ಟಿಲು ಹತ್ತಿ ಬಂದ ಸದ್ದು ಕೇಳಿಯೇ ಎಂಬುದು ಮನೆಯ ಹಳೇ ತಮಾಷೆ. ಆದರೆ ಇತ್ತೀಚೆಗೆ ಭರ್ಜರಿಯಾಗಿ ಬಾರಿಸುತ್ತಿದ್ದವರು ನಡುವೆ ಇದ್ದಕ್ಕಿದ್ದಂತೆ, ಚಮಚ ಮೇಜಿಗೆ ತಗುಲಿಯೂ ತಗುಲದಷ್ಟು ಮೆಲ್ಲಗಾಗುವುದನ್ನು ಕಂಡು ಸೊಸೆ ಅವರ ಕೈಯನ್ನೇ ಗಮನಿಸತೊಡಗಿದ್ದಳು. ಮೊನ್ನೆ ತಡೆಯಲಾರದೆ, "ಕೈ ನೋಯ್ತಿದ್ಯಾ ಅತ್ತೆ? ಸಾಕು ಬಿಡಿ" ಎಂದಳು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಶ್! ಈಗ ಸ್ಯಾಕ್ಸೊಫೋನಿನವಳ ಸರದಿ. ನಾನು ಜೋರು ಮಾಡಿದ್ರೆ ಅವಳದ್ದು ಯಾರಿಗೆ ಕೇಳ್ಸುತ್ತೆ?" ಎಂದರು. ಆ ಗೆಳತಿ ತೀರಿಕೊಂಡು ವರ್ಷಗಳೇ ಆಗಿದ್ದವು. ಸೊಸೆ ಸದ್ದಿಲ್ಲದೆ ಎದ್ದು ಹೋಗಿ, ಗಡಗಡ ಎನ್ನುತ್ತಿದ್ದ ವಾಷಿಂಗ್ ಮೆಷಿನ್ ನಿಲ್ಲಿಸಿ ಬಂದಳು.